ಮೆಷಿನ್ ಇಡುವ ಮೊದಲು ಮಾತು ಕೇಳಬೇಕು

ಓದುಗರ ಪ್ರಶ್ನೆ, ಫಿಸಿಯೋಥೆರಪಿಸ್ಟ್ ಉತ್ತರ

ಈ ಸಲದ ಪತ್ರಗಳಲ್ಲಿ ನೋವಿನ ಸುದ್ದಿಗಿಂತ ಜಾಸ್ತಿ ಇರುವುದು ಕ್ಲಿನಿಕ್‌ನಲ್ಲಿ ತಮ್ಮನ್ನು ನಡೆಸಿಕೊಂಡ ರೀತಿಯ ಬಗ್ಗೆ ಬೇಸರ. ಅದಕ್ಕೇ ಇವುಗಳನ್ನು ಒಟ್ಟಿಗೆ ತೆಗೆದುಕೊಂಡಿದ್ದೇನೆ. ಉಡುಪಿಯಲ್ಲಿ ಸಣ್ಣದೊಂದು ಕ್ಲಿನಿಕ್ ನಡೆಸುವವಳಾಗಿ ನನಗೆ ಇದು ಮನಸ್ಸಿಗೆ ಹತ್ತಿರದ ವಿಷಯ.

*

ಪ್ರಶ್ನೆ: ಅಮ್ಮನಿಗೆ 62 ವರ್ಷ. ಬೀಡಿ ಕಟ್ಟಿ ನಮ್ಮನ್ನು ಓದಿಸಿದವರು. ಎರಡೂ ಮೊಣಕಾಲ ಗಂಟು ನೋವು. ಒಂದು ಕಡೆ ಹತ್ತು ದಿನ ಕರೆಂಟ್ ಇಟ್ಟರು. ಮೆಷಿನ್ ಆನ್ ಮಾಡಿ ಹೋದವರು ಅದು ಬೀಪ್ ಅಂದ ಮೇಲೆಯೇ ಬರುವುದು. ಅಮ್ಮನನ್ನು ಒಂದು ಮಾತೂ ಕೇಳಲಿಲ್ಲ. ಎಕ್ಸ್‌ರೇ ನೋಡಿ "ಗಂಟು ಪೂರಾ ಸವೆದಿದೆ" ಅಂದರು ಅಷ್ಟೇ. ಈಗ ಅಮ್ಮ ನಡೆಯುವುದಕ್ಕೇ ಹೆದರುತ್ತಾರೆ. ಒಳ್ಳೆಯ ಫಿಸಿಯೋಥೆರಪಿಸ್ಟ್ ಯಾರು ಅಂತ ತಿಳಿಯುವುದು ಹೇಗೆ? (ಒಬ್ಬ ಮಗಳು, ಬಂಟ್ವಾಳ)

ಉತ್ತರ: "ಪೂರಾ ಸವೆದಿದೆ" ಅಂತ ಕೇಳಿದ ಮೇಲೆ ಯಾರು ತಾನೇ ಧೈರ್ಯವಾಗಿ ಕಾಲೂರುತ್ತಾರೆ? ಅಮ್ಮನಿಗೆ ಮೊದಲು ಇಷ್ಟು ಹೇಳಿ. ಎಕ್ಸ್‌ರೇಯಲ್ಲಿ ಕಾಣುವ ಸವೆತಕ್ಕೂ ನೋವಿಗೂ ನೇರ ಲೆಕ್ಕ ಇಲ್ಲ. ಎಕ್ಸ್‌ರೇ ತುಂಬಾ ಕೆಟ್ಟದಾಗಿರುವವರು ಆರಾಮವಾಗಿ ತೋಟಕ್ಕೆ ಹೋಗಿ ಬರುವುದೂ ಉಂಟು, ಚೂರೇ ಸವೆತ ಇರುವವರು ರಾತ್ರಿಯಿಡೀ ಒದ್ದಾಡುವುದೂ ಉಂಟು. ನಡೆದರೆ ಗಂಟು ಇನ್ನೂ ಸವೆಯುತ್ತದೆ ಅನ್ನುವುದು ಸುಳ್ಳು ಹೆದರಿಕೆ. ನಡೆಯದೆ ಕೂತರೇ ಕಷ್ಟ, ಯಾಕೆಂದರೆ ತೊಡೆಯ ಸ್ನಾಯು ಸೊರಗುತ್ತದೆ, ಗಂಟಿಗೆ ಆಧಾರ ಕಡಿಮೆಯಾಗುತ್ತದೆ, ನೋವು ಜಾಸ್ತಿಯಾಗುತ್ತದೆ, ಮತ್ತೆ ಹೆದರಿ ಕೂರುತ್ತಾರೆ.

ಇನ್ನು ನಿಮ್ಮ ಪ್ರಶ್ನೆ. ನನ್ನ ರೀತಿ ಹೇಳುತ್ತೇನೆ, ಅದರಿಂದ ನಿಮಗೇ ಅಂದಾಜು ಸಿಗಬಹುದು. ಹೊಸಬರು ಬಂದರೆ ಮೊದಲ ದಿನ ನಾನು ಅವರನ್ನು ಮೆಷಿನ್ ಹತ್ತಿರ ಕರೆದುಕೊಂಡು ಹೋಗುವುದಿಲ್ಲ. ಕೂರಿಸಿ ಕೇಳುತ್ತೇನೆ. ಎಲ್ಲಿ ನೋವು ಅನ್ನುವುದು ಆಮೇಲೆ. ಈ ನೋವಿನಿಂದ ನಿಮ್ಮ ಯಾವ ಕೆಲಸ ನಿಂತಿದೆ ಅನ್ನುವುದು ಮೊದಲು. ಒಬ್ಬರು ದೇವಸ್ಥಾನದ ಪಂಕ್ತಿಯಲ್ಲಿ ನೆಲಕ್ಕೆ ಕೂತು ಊಟ ಮಾಡಬೇಕು ಅನ್ನುತ್ತಾರೆ. ಇನ್ನೊಬ್ಬರಿಗೆ ನಮಾಜ್ ಕುರ್ಚಿಯಲ್ಲಿ ಕೂತು ಮಾಡುವಂತಾಯಿತಲ್ಲ ಅಂತ ಸಂಕಟ. ಇಗರ್ಜಿಯಲ್ಲಿ ಮೊಣಕಾಲೂರಲು ಆಗುವುದಿಲ್ಲ ಅನ್ನುವವರಿದ್ದಾರೆ. ಮಲ್ಪೆಯಿಂದ ಬರುವ ಮೀನು ಮಾರುವ ಅಕ್ಕಂದಿರಿಗೆ ಬುಟ್ಟಿ ತಲೆಗೇರಿಸುವುದೇ ಕಷ್ಟ. ಸಿಟಿ ಬಸ್ಸಿನ ಮೊದಲ ಮೆಟ್ಟಿಲು ಎತ್ತರ, ಮೇಲಿಂದ ಕಂಡಕ್ಟರ್ "ಬೇಗ ಬೇಗ" ಅನ್ನುತ್ತಾನೆ, ಅದಕ್ಕೆ ಹೆದರಿ ಪೇಟೆಗೆ ಹೋಗುವುದನ್ನೇ ಬಿಟ್ಟವರೂ ಇದ್ದಾರೆ. ಕಾಯಿಲೆಯ ಹೆಸರು ಎಲ್ಲರಿಗೂ ಒಂದೇ. ಆದರೆ ಇವರಿಗೆಲ್ಲ ಒಂದೇ ಚಿಕಿತ್ಸೆ ಕೊಟ್ಟರೆ ಆಗುತ್ತದಾ?

ನಿಮ್ಮ ಅಮ್ಮ ನನ್ನ ಹತ್ತಿರ ಬಂದರೆ ಅವರು ಬೀಡಿ ಕಟ್ಟಲು ಹೇಗೆ ಕೂರುತ್ತಾರೆ ಅಂತ ಕೂತು ತೋರಿಸಲು ಹೇಳುತ್ತೇನೆ. ತೊಡೆಯ ಮೇಲೆ ತಡ್ಪೆ (ಮೊರ), ಕಾಲು ಮಡಚಿ ಅಥವಾ ಉದ್ದ ಚಾಚಿ, ಕುತ್ತಿಗೆ ಬಗ್ಗಿಸಿ ಗಂಟೆಗಟ್ಟಲೆ ಒಂದೇ ಭಂಗಿ. ಬೀಡಿ ಕೆಲಸ ನಿಲ್ಲಿಸಿ ಅಂತ ಹೇಳುವುದು ಸುಲಭ, ಆ ದುಡ್ಡು ಆಮೇಲೆ ಯಾರು ಕೊಡುತ್ತಾರೆ? ಅದರ ಬದಲು ನೆಲ ಬಿಟ್ಟು ಸ್ವಲ್ಪ ಎತ್ತರದ ಮಣೆಯ ಮೇಲೆ ಕೂರಿಸಬಹುದು, ಬೆನ್ನಿಗೆ ಗೋಡೆ ಕೊಡಬಹುದು, ಅರ್ಧ ಗಂಟೆಗೊಮ್ಮೆ ಎದ್ದು ಅಂಗಳಕ್ಕೆ ಒಂದು ಸುತ್ತು ಹೋಗಿ ಬರಲು ಹೇಳಬಹುದು.

ಮನೆಯಲ್ಲಿ ಮಾಡಲು ಎರಡೇ ವ್ಯಾಯಾಮ ಸಾಕು. ಗಟ್ಟಿ ಕುರ್ಚಿಯಿಂದ ನಿಧಾನ ಎದ್ದು, ನಿಧಾನ ಕೂರುವುದು. ಮೊದಲಿಗೆ ಕೈಯ ಆಧಾರ ಇರಲಿ, ಐದು ಸಲ ಆದರೆ ಐದು ಸಲ. ಇನ್ನೊಂದು, ಮಲಗಿ ಗಂಟಿನ ಕೆಳಗೆ ಮಡಚಿದ ಬೈರಾಸ (ಟವೆಲ್) ಇಟ್ಟು ಅದನ್ನು ಒತ್ತಿ ಹಿಡಿದು ಬಿಡುವುದು. ಜೊತೆಗೆ ನಡಿಗೆ. ಮಾಡುವಾಗ ಸ್ವಲ್ಪ ನೋವಾದರೆ ಗಾಬರಿ ಬೇಡ. ಮರುದಿನ ಬೆಳಗ್ಗೆಯೂ ನೋವು ಜಾಸ್ತಿ ಇದ್ದರೆ ಸ್ವಲ್ಪ ಕಡಿಮೆ ಮಾಡಿ, ಪೂರ್ತಿ ನಿಲ್ಲಿಸಬೇಡಿ. ಮೈತೂಕ ಜಾಸ್ತಿ ಇದ್ದರೆ ಅದನ್ನೂ ನೋಡಬೇಕು. ಒಂದು ಕೆ.ಜಿ. ಇಳಿದರೆ ಪ್ರತಿ ಹೆಜ್ಜೆಗೆ ಗಂಟಿನ ಮೇಲೆ ಬೀಳುವ ಭಾರ ಸುಮಾರು ನಾಲ್ಕು ಕೆ.ಜಿ. ಕಡಿಮೆಯಾಗುತ್ತದೆ. ಗಂಟು ಕೆಂಪಾಗಿ, ಬಿಸಿಯಾಗಿ ಊದಿ ಜ್ವರ ಬಂದರೆ ಮಾತ್ರ ವ್ಯಾಯಾಮದ ಮಾತಿಲ್ಲ, ಅವತ್ತೇ ಡಾಕ್ಟರಿಗೆ ತೋರಿಸಿ.

ಕರೆಂಟ್ ಬಗ್ಗೆಯೂ ಹೇಳಲೇಬೇಕು. ಬ್ರಿಟನ್‌ನ ನೈಸ್ ಸಂಸ್ಥೆ 2022ರಲ್ಲಿ ಗಂಟು ಸವೆತಕ್ಕೆ ಮಾಡಿದ ಮಾರ್ಗಸೂಚಿಯಲ್ಲಿ ಎಲ್ಲರಿಗೂ ವ್ಯಾಯಾಮ ಕೊಡಿ ಅಂತಿದೆ. ಟೆನ್ಸ್, ಐ.ಎಫ್.ಟಿ. ಅನ್ನುವ ಕರೆಂಟ್‌ಗಳನ್ನು, ಅಲ್ಟ್ರಾಸೌಂಡ್ ಚಿಕಿತ್ಸೆಯನ್ನು ಕೊಡಬೇಡಿ, ಉಪಯೋಗಕ್ಕೆ ಸಾಕಷ್ಟು ಪುರಾವೆ ಇಲ್ಲ ಅಂತಲೂ ಇದೆ. ನನ್ನ ಕ್ಲಿನಿಕ್‌ನಲ್ಲೂ ಮೆಷಿನ್ ಉಂಟು. ಬೇರೆ ತೊಂದರೆಗಳಲ್ಲಿ ಅಪರೂಪಕ್ಕೆ, ನೋವು ಸ್ವಲ್ಪ ತಗ್ಗಲಿ ಅಂತ ಬಳಸುತ್ತೇನೆ, "ಇದರಿಂದ ಗುಣ ಆಗುವುದಿಲ್ಲ" ಅಂತ ಹೇಳಿಯೇ ಬಳಸುತ್ತೇನೆ. ಹತ್ತು ದಿನವೂ ಕರೆಂಟ್ ಒಂದೇ ಅಂದರೆ ಅದು ಚಿಕಿತ್ಸೆ ಅಲ್ಲ.

ಹಾಗಾಗಿ ಮುಂದಿನ ಸಲ ಹೋದಾಗ ನೋಡಿ. ಅವರು ಕೂತು ಕೇಳಿದರಾ, ಗಂಟನ್ನು ಮುಟ್ಟಿ, ನಡೆಸಿ ಪರೀಕ್ಷೆ ಮಾಡಿದರಾ, ಏನಾಗಿದೆ ಅಂತ ಅಮ್ಮನಿಗೇ ಅರ್ಥ ಆಗುವ ಹಾಗೆ ಹೇಳಿದರಾ, ಎಷ್ಟು ಸಲ ಬರಬೇಕಾಗಬಹುದು ಅಂತ ಮೊದಲೇ ಅಂದಾಜು ಕೊಟ್ಟರಾ. ಬಿ.ಪಿ.ಟಿ. ಅಥವಾ ಎಂ.ಪಿ.ಟಿ. (ಫಿಸಿಯೋಥೆರಪಿಯ ಪದವಿ, ಸ್ನಾತಕೋತ್ತರ ಪದವಿ) ಓದಿದವರಾ ಅಂತ ಕೇಳುವುದರಲ್ಲಿ ಸಂಕೋಚ ಬೇಡ. ನನ್ನನ್ನು ಕೇಳಿದರೆ ನನಗೆ ಖುಷಿಯೇ.

*

ಪ್ರಶ್ನೆ: ಸೊಂಟ ನೋವಿಗೆ ಹೋಗಿದ್ದೆ. ಹೇಳದೆ ಕೇಳದೆ ಬೆನ್ನಿನ ಬಟ್ಟೆ ಸರಿಸಿದರು. ಪಕ್ಕದಲ್ಲೇ ಬೇರೆ ಪೇಷೆಂಟ್ ಇದ್ದರು, ಪರದೆ ಎಳೆದಿರಲಿಲ್ಲ. ಮನೆಯಲ್ಲಿ ಹೇಳಿದರೆ "ಡಾಕ್ಟರ ಹತ್ತಿರ ಎಂಥ ನಾಚಿಕೆ" ಅಂದರು. ತಪ್ಪು ನನ್ನದಾ? (ಓದುಗಿ, ಕಾರ್ಕಳ)

ಉತ್ತರ: ಖಂಡಿತ ಅಲ್ಲ. ನಮ್ಮ ಕೆಲಸವೇ ಮುಟ್ಟಿ ಮಾಡುವ ಕೆಲಸ, ಆದ್ದರಿಂದ ಕೇಳಿ ಮುಟ್ಟುವ ಜವಾಬ್ದಾರಿ ನಮಗೆ ಬೇರೆಯವರಿಗಿಂತ ಜಾಸ್ತಿ. ಎಲ್ಲಿ ಮುಟ್ಟುತ್ತೇನೆ, ಯಾಕೆ ಮುಟ್ಟುತ್ತೇನೆ, ಎಷ್ಟು ಬಟ್ಟೆ ಸರಿಸಬೇಕು ಅಂತ ಮೊದಲೇ ಹೇಳಬೇಕು, ನೀವು ಹೂಂ ಅಂದ ಮೇಲೆ ಮುಂದಿನದ್ದು. ಪರದೆ ಎಳೆಯಿರಿ ಅಂತ ಹೇಳಿ. ಹೆಂಗಸರೇ ನೋಡಲಿ, ಅಥವಾ ನನ್ನ ಜೊತೆಯವರು ಒಳಗಿರಲಿ ಅಂತ ಕೇಳಿ. ಶುರುವಾದ ಮೇಲೂ, ಮಧ್ಯದಲ್ಲೂ "ಸಾಕು, ನಿಲ್ಲಿಸಿ" ಅನ್ನಬಹುದು. ಕಾರಣ ಹೇಳಬೇಕಾಗಿಲ್ಲ. ಇದಕ್ಕೆ ಮುಖ ಗಂಟಿಕ್ಕುವವರು ಇದ್ದರೆ ಅಲ್ಲಿಗೆ ಮತ್ತೆ ಹೋಗಬೇಡಿ.

*

ಪ್ರಶ್ನೆ: ನಮ್ಮ ಯಜಮಾನರಿಗೆ ಸ್ಟ್ರೋಕ್ ಆಗಿ 8 ತಿಂಗಳು. ಜಿನಸು ಅಂಗಡಿ ನಡೆಸುತ್ತಿದ್ದವರು. ಬಲಗಡೆ ಬಿದ್ದಿತ್ತು, ಈಗ ಕೋಲು ಹಿಡಿದು ನಡೆಯುತ್ತಾರೆ. ಕೈಬೆರಳು ಸ್ವಲ್ಪ ಬಿಚ್ಚುತ್ತಾರೆ, ಮಾತು ಸರಿಯಾಗಿ ಬರುವುದಿಲ್ಲ. ಆರು ತಿಂಗಳು ಕಳೆದರೆ ಮತ್ತೇನೂ ಸುಧಾರಿಸುವುದಿಲ್ಲ ಅಂತ ಎಲ್ಲರೂ ಹೇಳುತ್ತಾರೆ. ಮನೆಗೆ ಬರುವ ಫಿಸಿಯೋ ಕೈಯನ್ನು ಮೇಲಕ್ಕೆ ಜೋರಾಗಿ ಎಳೆಯುತ್ತಾರೆ, ಇವರು ಅಳುತ್ತಾರೆ. "ಇವರೇ ಪ್ರಯತ್ನ ಪಡುವುದಿಲ್ಲ" ಅಂತ ಇವರ ಎದುರಲ್ಲೇ ನನಗೆ ಹೇಳುತ್ತಾರೆ. (ಗೃಹಿಣಿ, ಕುಂದಾಪುರ)

ಉತ್ತರ: ಮೊದಲು ಎಳೆಯುವುದನ್ನು ನಿಲ್ಲಿಸಿ. ಇವತ್ತೇ ಹೇಳಿ. ಸ್ಟ್ರೋಕ್ ಆದ ಕಡೆ ಹೆಗಲನ್ನು ಹಿಡಿದು ನಿಲ್ಲಿಸುವ ಸ್ನಾಯುಗಳಲ್ಲಿ ಬಲ ಇರುವುದಿಲ್ಲ. ಜೋರಾಗಿ ಮೇಲೆ ಎಳೆದರೆ ಒಳಗಿನ ಮೆತ್ತನೆ ಭಾಗಕ್ಕೆ ಪೆಟ್ಟಾಗುತ್ತದೆ, ಆಮೇಲೆ ಹೆಗಲು ನೋವೇ ದೊಡ್ಡ ತೊಂದರೆಯಾಗಿ ಕೂರುತ್ತದೆ. ಎಬ್ಬಿಸುವಾಗ, ಅಂಗಿ ಹಾಕುವಾಗ ನೀವೂ ಆ ಕೈ ಹಿಡಿದು ಎಳೆಯಬೇಡಿ. ಅಂಗಿಯನ್ನು ಬಲಗೈಗೆ ಮೊದಲು ತೊಡಿಸಿ, ತೆಗೆಯುವಾಗ ಎಡಗೈಯಿಂದ ಶುರು ಮಾಡಿ. ಕೂತಾಗ ಕೈ ಕೆಳಗೆ ನೇತಾಡದ ಹಾಗೆ ದಿಂಬಿನ ಮೇಲೆ ಇಡಿ.

ಆರು ತಿಂಗಳ ಮಾತು ಅರ್ಧ ಮಾತ್ರ ನಿಜ. ಮೊದಲ ತಿಂಗಳುಗಳಲ್ಲಿ ಸುಧಾರಣೆ ಬೇಗ ಬರುತ್ತದೆ ಹೌದು, ಆಮೇಲೆ ನಿಧಾನವಾಗುತ್ತದೆ, ಆದರೆ ಬಾಗಿಲು ಮುಚ್ಚುವುದಿಲ್ಲ. ಅಮೆರಿಕದಲ್ಲಿ ಸ್ಟ್ರೋಕ್ ಆಗಿ 3ರಿಂದ 9 ತಿಂಗಳಾದ 222 ಜನರ ಮೇಲೆ ಒಂದು ಅಧ್ಯಯನ ಮಾಡಿ 2006ರಲ್ಲಿ ಪ್ರಕಟಿಸಿದರು. ಸರಿ ಇರುವ ಕೈಗೆ ಗವಸು ಹಾಕಿ, ಸೋತ ಕೈಯಿಂದಲೇ ಎರಡು ವಾರ ಕೆಲಸ ಮಾಡಿಸಿದ್ದು. ಅವರ ಕೈಬಳಕೆ ಚೆನ್ನಾಗಿಯೇ ಸುಧಾರಿಸಿತು, ಒಂದು ವರ್ಷದ ಮೇಲೂ ಉಳಿದಿತ್ತು. ಮಣಿಕಟ್ಟು, ಬೆರಳು ಸ್ವಲ್ಪವಾದರೂ ಬಿಚ್ಚುವವರಿಗೆ ಮಾತ್ರ ಈ ವಿಧಾನ. ನಿಮ್ಮವರಿಗೆ ಬೆರಳು ಬಿಚ್ಚುತ್ತದೆ ಅಂತ ಬರೆದಿದ್ದೀರಿ, ಅದು ನನಗೆ ತುಂಬಾ ಧೈರ್ಯ ಕೊಡುವ ವಿಷಯ. ಇದನ್ನು ಗೊತ್ತಿರುವ ಫಿಸಿಯೋ ಹತ್ತಿರ ತೋರಿಸಿ ಕೇಳಿ, ನೀವೇ ಮಾಡಲು ಹೋಗಬೇಡಿ.

"ಪ್ರಯತ್ನ ಪಡುವುದಿಲ್ಲ" ಅಂದಿದ್ದು ಓದಿ ನನಗೆ ಸಿಟ್ಟು ಬಂತು. ಸ್ಟ್ರೋಕ್ ಆದವರಲ್ಲಿ ಮೂವರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತದೆ, ಅದಕ್ಕೆ ಔಷಧಿ ಉಂಟು, ಡಾಕ್ಟರಿಗೆ ಹೇಳಲೇಬೇಕು. ಇನ್ನು ಮಾತು ಬಾರದವರಿಗೆ ಏನೂ ಅರ್ಥ ಆಗುವುದಿಲ್ಲ ಅಂತ ಜನ ತಿಳಿದುಕೊಳ್ಳುತ್ತಾರೆ. ಎಷ್ಟೋ ಸಲ ಎಲ್ಲವೂ ಅರ್ಥವಾಗುತ್ತಿರುತ್ತದೆ, ತಿರುಗಿ ಹೇಳಲು ಮಾತ್ರ ಆಗುವುದಿಲ್ಲ. ಒಂದು ಅಂಗಡಿಯನ್ನು ನಡೆಸಿದ ಮನುಷ್ಯ ತನ್ನ ಬಗ್ಗೆ ತನ್ನೆದುರೇ ಹೀಗೆ ಮಾತಾಡುವುದನ್ನು ಕೇಳಿ ಸುಮ್ನೆ ಕೂರಬೇಕಾದರೆ ಹೇಗಿರಬೇಡ? ನಾನಾದರೆ ಅವರ ಎದುರು ಕೂತು, ಅವರ ಮುಖ ನೋಡಿ, ಹೌದು ಅಥವಾ ಅಲ್ಲ ಅಂತ ತಲೆಯಾಡಿಸಿ ಹೇಳಬಹುದಾದ ಹಾಗೆ ಕೇಳುತ್ತೇನೆ. ಉತ್ತರಕ್ಕೆ ಕಾಯುತ್ತೇನೆ.

ವ್ಯಾಯಾಮವೂ ಅವರ ಕೆಲಸದಿಂದಲೇ ಬರಲಿ. ಚೆಂಡು ಹಿಸುಕುವುದು ಯಾರಿಗಾದರೂ ಬೇಜಾರೇ. ಒಂದು ತಟ್ಟೆಯಲ್ಲಿ ನಾಣ್ಯ ಹಾಕಿ ಹೆಕ್ಕಿ ಎಣಿಸಲು ಕೊಡಿ. ಹಳೆ ಪೇಪರಿನಲ್ಲಿ ಕಡಲೆ ಪೊಟ್ಟಣ ಕಟ್ಟಲು ಹೇಳಿ. ಮೊದಲು ಪೇಪರ್ ಒತ್ತಿ ಹಿಡಿಯುವಷ್ಟೇ ಬಲಗೈ ಕೆಲಸ, ಉಳಿದದ್ದು ಎಡಗೈಗೆ. ದಿನಕ್ಕೆ ಒಂದು ಸಲ ಅರ್ಧ ಗಂಟೆ ಫಿಸಿಯೋ ಬಂದು ಹೋದರೆ ಮೆದುಳು ಕಲಿಯುವುದಿಲ್ಲ, ದಿನವಿಡೀ ಸ್ವಲ್ಪ ಸ್ವಲ್ಪ, ನೂರಾರು ಸಲ ಆಗಬೇಕು. ಬಿ.ಪಿ. ಮಾತ್ರೆ ಒಂದು ದಿನವೂ ತಪ್ಪಬಾರದು. ಮತ್ತೆ ನಿಮ್ಮ ಬೆನ್ನು ಹೇಗಿದೆ ಅಂತ ನೀವು ಬರೆದೇ ಇಲ್ಲ. ಅವರನ್ನು ಎತ್ತುವ, ತಿರುಗಿಸುವ ಸರಿಯಾದ ಕ್ರಮವನ್ನು ಫಿಸಿಯೋ ನಿಮಗೆ ಕಲಿಸಬೇಕು, ಕೇಳಿ ಕಲಿತುಕೊಳ್ಳಿ.

*

ಪ್ರಶ್ನೆ: 12 ವರ್ಷದಿಂದ ಸಕ್ಕರೆ ಕಾಯಿಲೆ. ಈಗ ಎಡ ಹೆಗಲು ಹಿಡಿದುಕೊಂಡಿದೆ, ಕೈ ಎತ್ತಲು ಆಗುವುದಿಲ್ಲ. ಕಣ್ಣೀರು ಬರುವಷ್ಟು ಎಳೆದರೆ ಮಾತ್ರ ಬಿಡುತ್ತದೆ ಎನ್ನುತ್ತಾರೆ, ನಿಜವಾ? (ನಿವೃತ್ತ ಶಿಕ್ಷಕರು, ಮೂಲ್ಕಿ)

ಉತ್ತರ: ನಿಜ ಅಲ್ಲ ಸರ್. ಸಕ್ಕರೆ ಇರುವವರಿಗೆ ಈ ಹೆಗಲು ಬಿಗಿತ ಜಾಸ್ತಿ ಬರುತ್ತದೆ, ಬಿಡಲು ಒಂದರಿಂದ ಮೂರು ವರ್ಷವೂ ಬೇಕಾಗಬಹುದು. ನೆದರ್‌ಲ್ಯಾಂಡ್ಸ್‌ನಲ್ಲಿ 77 ಜನರನ್ನು ಎರಡು ವರ್ಷ ಗಮನಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನೋವು ಮೀರಿ ಎಳೆಸಿಕೊಂಡವರಿಗಿಂತ ನೋವಿನ ಮಿತಿಯೊಳಗೆ ಕೈ ಆಡಿಸಿದವರೇ ಚೆನ್ನಾಗಿ ಗುಣವಾಗಿದ್ದರು. ನೋವು ತುಂಬಾ ಇದ್ದರೆ ಸ್ಟಿರಾಯ್ಡ್ ಇಂಜೆಕ್ಷನ್ ಬಗ್ಗೆ ಮೂಳೆ ಡಾಕ್ಟರನ್ನು ಕೇಳಿ, ಅದರಿಂದ ಕೆಲವು ದಿನ ಸಕ್ಕರೆ ಏರುತ್ತದೆ, ಅದಕ್ಕೆ ತಯಾರಿರಿ.

*

ಪ್ರಶ್ನೆ: ಬಿ.ಪಿ.ಟಿ. ಮುಗಿಸಿ ಮಂಗಳೂರಿನ ಒಂದು ಕ್ಲಿನಿಕ್‌ಗೆ ಸೇರಿದ್ದೇನೆ. ಗಂಟೆಗೆ ಐದಾರು ಪೇಷೆಂಟ್. ಬಂದವರಿಗೆಲ್ಲ 15 ದಿನದ ಪ್ಯಾಕೇಜ್ ಹೇಳಬೇಕು. ನಾನು ಕಲಿತದ್ದು ಇದಲ್ಲ ಅನ್ನಿಸುತ್ತದೆ. ಈ ಸ್ಥಿತಿಯಲ್ಲಿ ಪೇಷೆಂಟನ್ನು ಚೆನ್ನಾಗಿ ನೋಡಿಕೊಳ್ಳುವುದು ಹೇಗೆ ಮೇಡಂ? (ಯುವ ಫಿಸಿಯೋ)

ಉತ್ತರ: ನಿಮ್ಮ ಪತ್ರ ಓದಿ ಸಂತೋಷವೂ ಆಯಿತು, ಸಂಕಟವೂ ಆಯಿತು. ಮಾಲೀಕರನ್ನು ನಾಳೆಯೇ ಬದಲಾಯಿಸಲು ನಿಮ್ಮಿಂದ ಆಗುವುದಿಲ್ಲ. ನಿಮ್ಮ ಕೈಯಲ್ಲಿರುವುದು ಆ ಹತ್ತು ನಿಮಿಷ.

ಆ ಹತ್ತರಲ್ಲಿ ಮೊದಲ ಎರಡು ನಿಮಿಷ ನೀವು ಮಾತಾಡಬೇಡಿ. "ಹೇಳಿ" ಅಂತ ಹೇಳಿ ಸುಮ್ಮನಿರಿ. ಮಧ್ಯೆ ಬಾಯಿ ಹಾಕದಿದ್ದರೆ ಹೆಚ್ಚಿನವರು ಎರಡು ನಿಮಿಷದಲ್ಲಿ ಮುಗಿಸುತ್ತಾರೆ, ನಿಮಗೆ ಬೇಕಾದದ್ದು ಮುಕ್ಕಾಲು ಪಾಲು ಅದರಲ್ಲೇ ಇರುತ್ತದೆ. ತುಳುವಿನಲ್ಲಿ ಹೇಳುವವರಿಗೆ ತುಳುವಿನಲ್ಲಿ, ಬ್ಯಾರಿಯಲ್ಲಿ, ಕೊಂಕಣಿಯಲ್ಲಿ ಹೇಳುವವರಿಗೆ ಬಂದಷ್ಟು ಅದರಲ್ಲೇ ಉತ್ತರ ಕೊಡಿ. ನೋವನ್ನು ಮನೆಮಾತಿನಲ್ಲಿ ಹೇಳುವಾಗ ಮನುಷ್ಯ ಎಷ್ಟು ಬಿಚ್ಚಿ ಮಾತಾಡುತ್ತಾನೆ ಅಂತ ನೀವೇ ನೋಡುತ್ತೀರಿ. ಅವರು ಹೇಳಿದ ಒಂದು ವಿಷಯ ಕಾರ್ಡಿನಲ್ಲಿ ಬರೆದಿಡಿ, ಮಗಳ ಮದುವೆಯೋ, ಅಡಿಕೆ ಕೊಯ್ಲೋ. ಮುಂದಿನ ಸಲ ಅದನ್ನೇ ಕೇಳಿ.

ವ್ಯಾಯಾಮದ ಜೆರಾಕ್ಸ್ ಹಾಳೆ ಕೊಟ್ಟು ಕಳಿಸಬೇಡಿ ಮಾರಾಯ್ರೇ. ಹನ್ನೆರಡು ಚಿತ್ರ ಇರುವ ಹಾಳೆ ನೇರ ಕಪಾಟಿಗೆ ಹೋಗುತ್ತದೆ. ಒಂದು ವ್ಯಾಯಾಮ ಕಲಿಸಿ, ನಿಮ್ಮೆದುರು ತಿರುಗಿ ಮಾಡಿಸಿ, ಅವರದ್ದೇ ಮೊಬೈಲಿನಲ್ಲಿ ವಿಡಿಯೋ ಮಾಡಿ ಕೊಡಿ. ಮರುವಾರ ಬಂದಾಗ ಮಾಡಿಲ್ಲ ಅಂದರೆ ಬೈಯಬೇಡಿ, ಯಾಕೆ ಆಗಲಿಲ್ಲ ಅಂತ ಕೇಳಿ. ಹೊತ್ತು ಸಿಗಲಿಲ್ಲವೋ, ನೋವಾಯಿತೋ, ಮನೆಯವರ ಎದುರು ನಾಚಿಕೆಯಾಯಿತೋ. ಪ್ರತಿಯೊಂದಕ್ಕೂ ಬೇರೆ ದಾರಿ ಬೇಕು.

ಮಾತಿನ ಮೇಲೆ ಹಿಡಿತ ಇರಲಿ. "ಡಿಸ್ಕ್ ಜಾರಿದೆ", "ಇನ್ನು ಬಗ್ಗಲೇಬೇಡಿ" ಅಂತೆಲ್ಲ ಹೇಳಿದರೆ ಪೇಷೆಂಟ್ ಅದನ್ನು ವರ್ಷಗಟ್ಟಲೆ ಹೊತ್ತು ತಿರುಗುತ್ತಾರೆ. 1994ರಲ್ಲಿ ಸೊಂಟ ನೋವೇ ಇಲ್ಲದ 98 ಜನರಿಗೆ ಎಂ.ಆರ್.ಐ. ಮಾಡಿ ನೋಡಿದಾಗ 52 ಶೇಕಡಾ ಜನರಲ್ಲಿ ಡಿಸ್ಕ್ ಉಬ್ಬಿದ್ದು ಕಂಡಿತು. ಇದನ್ನು ಪೇಷೆಂಟ್‌ಗೆ ಹೇಳಿ, ಎಷ್ಟು ಹಗುರಾಗುತ್ತಾರೆ ನೋಡಿ. ಆದರೆ ಮೂತ್ರದ ಹಿಡಿತ ತಪ್ಪಿದೆ, ತೊಡೆಸಂದಿ ಮರಗಟ್ಟಿದೆ, ಪಾದದ ಬಲ ಕಡಿಮೆಯಾಗುತ್ತಿದೆ ಅಂದರೆ ಅವತ್ತೇ ಆಸ್ಪತ್ರೆಗೆ. ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಹಿಂದೆ ಕ್ಯಾನ್ಸರ್ ಆಗಿತ್ತು ಅನ್ನುವವರನ್ನೂ ನಿಮ್ಮಲ್ಲೇ ಇಟ್ಟುಕೊಳ್ಳಬೇಡಿ. ಇದು ನನ್ನಿಂದ ಆಗುವ ಕೆಲಸ ಅಲ್ಲ ಅಂತ ಸರಿಯಾದ ಕಡೆ ಕಳಿಸುವುದೂ ಚಿಕಿತ್ಸೆಯೇ.

ಪ್ಯಾಕೇಜ್ ವಿಷಯದಲ್ಲಿ ಮಾತ್ರ ಗಟ್ಟಿ ನಿಲ್ಲಿ. ನಾಲ್ಕು ಸಲ ಸಾಕಾಗುವವರಿಗೆ 15 ಅಂತ ಹೇಳಬೇಡಿ. ಬೆಳ್ತಂಗಡಿಯ ಒಳಗಿನ ಹಳ್ಳಿಯಿಂದ ಬರುವವರಿಗೆ ಒಂದು ಸಲ ಬಂದು ಹೋಗುವುದೆಂದರೆ ಬಸ್ ಚಾರ್ಜು ಬೇರೆ, ಒಂದು ದಿನದ ಸಂಬಳವೂ ಹೋಯಿತು. ನಾನು ಅಂಥವರನ್ನು ಎರಡು ವಾರಕ್ಕೊಮ್ಮೆ ಕರೆಯುತ್ತೇನೆ, ಮಧ್ಯೆ ವಾಟ್ಸ್ಯಾಪ್‌ನಲ್ಲಿ ವಿಡಿಯೋ ಕಳಿಸಲು ಹೇಳುತ್ತೇನೆ. ಅದೂ ಕಷ್ಟ ಅನ್ನುವವರಿಗೆ ವೆನ್ಲಾಕ್‌ನಂಥ ಸರ್ಕಾರಿ ಆಸ್ಪತ್ರೆಯ ಫಿಸಿಯೋಥೆರಪಿ ವಿಭಾಗ ತೋರಿಸಿ. ನಮ್ಮ ವೃತ್ತಿಗೆ 2021ರಲ್ಲಿ ರಾಷ್ಟ್ರಮಟ್ಟದ ಕಾನೂನು ಬಂತು, ಬಹಳ ಕಾಲ ಕಾದು ಪಡೆದ ಮಾನ್ಯತೆ ಅದು. ಕಾಗದದ ಮಾನ್ಯತೆ ಪೇಷೆಂಟಿಗೆ ಕಾಣುವುದಿಲ್ಲ, ನೀವು ಹೇಳಿದ ಲೆಕ್ಕ ಸರಿಯಾ ಅನ್ನುವುದು ಕಾಣುತ್ತದೆ. ಸುಳ್ಳು ಹೇಳಲೇಬೇಕು ಅಂತ ಒತ್ತಾಯ ಬಂದರೆ ಬೇರೆ ಕೆಲಸ ಹುಡುಕಿ. ಬೇಗ ಗುಣಮಾಡಿ ಕಳಿಸಿದ ಪೇಷೆಂಟ್ ಮತ್ತೆ ನಾಲ್ವರನ್ನು ಕಳಿಸುತ್ತಾರೆ, ನನ್ನ ಕ್ಲಿನಿಕ್ ನಡೆಯುವುದೇ ಅದರಿಂದ.

*

ಪ್ರಶ್ನೆ: ಯಕ್ಷಗಾನ ಮೇಳದಲ್ಲಿ ಪುಂಡುವೇಷ ಮಾಡುತ್ತೇನೆ, ವಯಸ್ಸು 27. ಧೀಂಗಿಣ (ಹಾರಿ ಸುತ್ತುವ ಕುಣಿತ) ಹಾಕಿ ಇಳಿಯುವಾಗ ಮೊಣಕಾಲ ಚಿಪ್ಪಿನ ಕೆಳಗೆ ಚುಚ್ಚುತ್ತದೆ. ತೋರಿಸಿದರೆ "ಕುಣಿಯುವುದು ಬಿಡಿ" ಅಂದರು. ಮಾತ್ರೆ ತಿಂದು ರಂಗಸ್ಥಳಕ್ಕೆ ಹೋಗುತ್ತಿದ್ದೇನೆ. (ಕಲಾವಿದ, ಮೂಡಬಿದಿರೆ)

ಉತ್ತರ: ಕುಣಿಯುವುದು ಬಿಡಿ ಅಂತ ನಾನು ಹೇಳುವುದಿಲ್ಲ. ನೀವು ಹೇಳುವ ಜಾಗ ಕೇಳಿದರೆ ಚಿಪ್ಪಿನ ಕೆಳಗಿನ ಸ್ನಾಯುರಜ್ಜುವಿನ ತೊಂದರೆ ಇರಬಹುದು, ಹಾರಿ ಇಳಿಯುವವರಲ್ಲಿ ಬರುವಂಥದ್ದು. ಪರೀಕ್ಷೆ ಮಾಡಿಯೇ ಖಚಿತ ಹೇಳಬೇಕು. ಇದಕ್ಕೆ ಪೂರ್ತಿ ವಿಶ್ರಾಂತಿ ಮದ್ದಲ್ಲ, ಭಾರ ಹೊರುವ ಶಕ್ತಿಯನ್ನು ನಿಧಾನ ಬೆಳೆಸಬೇಕು. ದಿನಾ ಮಾತ್ರೆ ತಿನ್ನುವುದು ಮಾತ್ರ ನಿಲ್ಲಬೇಕು, ಹೊಟ್ಟೆಗೂ ಕಿಡ್ನಿಗೂ ಕೆಟ್ಟದು, ಸಾಲದ್ದಕ್ಕೆ ನೋವು ಗೊತ್ತಾಗದೆ ಇನ್ನೂ ಜೋರಾಗಿ ಹಾರುತ್ತೀರಿ.

ಈಗ ತಿರುಗಾಟದ ಮಧ್ಯೆ ಇದ್ದೀರಿ. ಭಾಗವತರ ಹತ್ತಿರ, ಮೇಳದ ಹಿರಿಯರ ಹತ್ತಿರ ಮಾತಾಡಿ, ಧೀಂಗಿಣದ ಸಂಖ್ಯೆ ಕೆಲವು ವಾರ ಅರ್ಧಕ್ಕೆ ಇಳಿಸಿ. ಅಭಿನಯ, ಮಾತು ಎಲ್ಲ ಇದ್ದ ಹಾಗೇ ಇರಲಿ. ಚೌಕಿಯಲ್ಲಿ ವೇಷ ಕಟ್ಟುವ ಮೊದಲು ಗೋಡೆಗೆ ಬೆನ್ನು ಕೊಟ್ಟು, ಮೊಣಕಾಲು ಮಡಚಿ, ಕುರ್ಚಿಯಿಲ್ಲದೆ ಕೂತ ಹಾಗೆ ಮುಕ್ಕಾಲು ನಿಮಿಷ ನಿಲ್ಲಿ, ನಾಲ್ಕೈದು ಸಲ. ಕೆಲವರಿಗೆ ಇದರಿಂದ ಆ ಹೊತ್ತಿಗೆ ನೋವು ತಗ್ಗುತ್ತದೆ.

ನಿಜವಾದ ಕೆಲಸ ಪತ್ತನಾಜೆಯ (ಮೇಳದ ತಿರುಗಾಟ ಮುಗಿಯುವ ದಿನ) ನಂತರ. ಮೇ ಕೊನೆಗೆ ತಿರುಗಾಟ ಮುಗಿದರೆ ಮತ್ತೆ ಮೇಳ ಹೊರಡುವುದು ದೀಪಾವಳಿ ಹೊತ್ತಿಗೆ. ಭಾರ ಎತ್ತಿ ನಿಧಾನ ಕೂತೇಳುವ ಅಭ್ಯಾಸಕ್ಕೆ ಕನಿಷ್ಠ 12 ವಾರ ಬೇಕು, ಅದು ಮಳೆಗಾಲದಲ್ಲಿ ಆರಾಮವಾಗಿ ಸಿಗುತ್ತದೆ. ಆಮೇಲೆ ಸಣ್ಣ ಹಾರಾಟ, ಕೊನೆಗೆ ಧೀಂಗಿಣ. ಮಳೆಗಾಲದ ಆಟಗಳಿಗೆ ಒಪ್ಪಿಕೊಳ್ಳುವಾಗ ಇದು ನೆನಪಿರಲಿ. ಯಾರ ಹತ್ತಿರ ಚಿಕಿತ್ಸೆಗೆ ಹೋದರೂ ಬರೀ ಮೊಣಕಾಲು ತೋರಿಸಿ ಬರಬೇಡಿ, ಅವರೆದುರು ನಾಲ್ಕು ಹೆಜ್ಜೆ ಕುಣಿದು ತೋರಿಸಿ. ಕ್ಲಿನಿಕ್‌ನಲ್ಲಿ ಜಾಗ ಸಾಲದಿದ್ದರೆ ಆಟದ ವಿಡಿಯೋ ತೆಗೆದುಕೊಂಡು ಹೋಗಿ, ಇಳಿಯುವಾಗ ಯಾವ ಕಾಲು ಮೊದಲು ನೆಲಕ್ಕೆ ತಾಗುತ್ತದೆ ಅಂತ ಕಾಣುವ ಹಾಗೆ ಪಕ್ಕದಿಂದ ತೆಗೆದದ್ದು.